ಚಿತ್ತಾ ಮಳೆ, ನಾಲ್ಕು ದಿನದ ಚಳಿ

ಮಂಗಳವಾರ ಬೆಳಗ್ಗೆ ಬಚ್ಚಲಿನಲ್ಲಿ ಸೋಲಾರ್ ನಲ್ಲಿ ತಿರುಗಿಸಿದೆ. ಐದು ನಿಮಿಷ ಬಿಟ್ಟರೂ ತಣ್ಣೀರೇ ಬಂತು. ಭಾನುವಾರ ಸಂಜೆಯಿಂದ ಬಿಸಿಲೇ ಇರಲಿಲ್ಲ. ಟ್ಯಾಂಕಿನಲ್ಲಿ ಉಳಿದಿದ್ದ ಬಿಸಿನೀರನ್ನು ಸೋಮವಾರವೇ ಮುಗಿಸಿದ್ದೆವು. ನಾನು ಖಾಲಿ ಬಕೆಟ್ ಇಟ್ಟುಕೊಂಡು ನಿಂತಿದ್ದನ್ನು ನೋಡಿ ಅತ್ತೆ, "ಹಂಡೆ ಇದೆಯಲ್ಲಮ್ಮ, ಒಲೆ ಹಚ್ಚು" ಅಂದರು.

ಅಲ್ಲಿಂದ ಶುರುವಾದದ್ದು ಶುಕ್ರವಾರದ ತನಕ ನಡೆಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ನಮ್ಮೂರು ತಿಪಟೂರಿನಿಂದ ನೊಣವಿನಕೆರೆ ಕಡೆ ಹೋಗುವ ದಾರಿಯಲ್ಲಿದೆ. ಮನೆ ಹಿಂದೆ ತೆಂಗಿನ ತೋಟ. ಅದರಾಚೆ ಎರಡು ಎಕರೆ ರಾಗಿ ಹೊಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ದಸರಾ ರಜೆ ಇನ್ನೂ ಒಂದು ವಾರ ಉಳಿದಿತ್ತು. ಹಾಗಾಗಿ ಆ ನಾಲ್ಕೂ ದಿನ ನಾನು ಮನೆಯಲ್ಲೇ ಇದ್ದೆ. ಮಾಮೂಲಿ ವಾರವಾಗಿದ್ದರೆ ಇದರಲ್ಲಿ ಅರ್ಧವೂ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ.

ಅಕ್ಟೋಬರಿನಲ್ಲಿ ನಮ್ಮ ಕಡೆ ಚಳಿ ಬರುವ ಪದ್ಧತಿ ಇಲ್ಲ. ನಮಗೆ ಚಳಿ ಅಂದರೆ ದೀಪಾವಳಿ ಕಳೆದು, ರಾಗಿ ಕೊಯ್ದು ಮೆದೆ ಹಾಕುವ ಹೊತ್ತಿಗೆ ಬರುವಂಥದ್ದು. ಆದರೆ ಕೆಲವು ವರ್ಷ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಆಯಿತು ಅಂತ ವಾರ್ತೆಯಲ್ಲಿ ಹೇಳುತ್ತಾರಲ್ಲ, ಆಗ ಇಲ್ಲಿ ಚಿತ್ತಾ ಮಳೆ ಜಡಿ ಹಿಡಿಯುತ್ತದೆ. ಚಿತ್ತಾ ಮಳೆ ಹುಟ್ಟುವುದು ಅಕ್ಟೋಬರ್ 10, 11ರ ಹೊತ್ತಿಗೆ. ಹದಿಮೂರು ಹದಿನಾಲ್ಕು ದಿನ ಇದ್ದು ಸ್ವಾತಿಗೆ ದಾರಿ ಬಿಡುತ್ತದೆ. ದೊಡ್ಡ ಮಳೆ ಅಲ್ಲ ಇದು. ಹಿಟ್ಟು ಜರಡಿ ಹಿಡಿದ ಹಾಗೆ ಸಣ್ಣಗೆ ಬೀಳುತ್ತಲೇ ಇರುತ್ತದೆ. ಜೊತೆಗೆ ಈಶಾನ್ಯದಿಂದ ಗಾಳಿ.

ಶಾಲೆಯ ಲ್ಯಾಬಿಗೆ ಅಂತ ನಾನೇ ಕೊಂಡಿದ್ದ ಒಂದು ಥರ್ಮಾಮೀಟರ್ ಮನೆಯಲ್ಲಿತ್ತು. ಅದನ್ನು ಮಗಳ ಕೈಗೆ ಕೊಟ್ಟೆ. ಅವಳು ನಾಲ್ಕನೇ ಕ್ಲಾಸು. ಜಗಲಿಯ ಕಂಬಕ್ಕೆ ಕಟ್ಟಿ, ಹಳೇ ಕ್ಯಾಲೆಂಡರಿನ ಹಿಂದೆ ದಿನಕ್ಕೆ ಮೂರು ಸಲ ಬರೆಯತೊಡಗಿದಳು. ಮಂಗಳವಾರ ಬೆಳಗ್ಗೆ ಆರಕ್ಕೆ 19 ಡಿಗ್ರಿ. ಮಧ್ಯಾಹ್ನ ಎರಡಕ್ಕೆ 21. ರಾತ್ರಿ ಒಂಬತ್ತಕ್ಕೆ ಮತ್ತೆ 19. "ಅಮ್ಮ, ಇದು ಕೆಟ್ಟುಹೋಗಿದೆಯಾ? ಮೇಲೇ ಹೋಗ್ತಿಲ್ಲ" ಅಂತ ಕೇಳಿದಳು.

ಕೆಟ್ಟಿರಲಿಲ್ಲ. ಈ ಚಳಿಯ ಗುಣವೇ ಅದು. ಮಾಗಿ ಚಳಿಯಲ್ಲಿ ಆಕಾಶ ತೊಳೆದ ಹಾಗಿರುತ್ತದೆ. ಹಗಲೆಲ್ಲ ನೆಲ ಕಾಯುತ್ತದೆ, ರಾತ್ರಿ ಆ ಕಾವೆಲ್ಲ ಮೇಲಕ್ಕೆ ಹಾರಿಹೋಗುತ್ತದೆ. ಬೆಳಗಿನ ಜಾವ ಹಲ್ಲು ಕಡಿಯುವ ಚಳಿ, ಹತ್ತು ಗಂಟೆಗೆ ಒಳ್ಳೇ ಬಿಸಿಲು. ಚಿತ್ತಾ ಮಳೆಯ ಚಳಿ ಹಾಗಲ್ಲ. ಮೋಡ ಮುಚ್ಚಳದ ಹಾಗೆ ಕೂತಿರುತ್ತದೆ. ರಾತ್ರಿ ಜಾಸ್ತಿ ತಣ್ಣಗಾಗಲು ಬಿಡುವುದಿಲ್ಲ, ಹಗಲು ಬೆಚ್ಚಗಾಗಲೂ ಬಿಡುವುದಿಲ್ಲ. ಹಾಗಾಗಿ ಇದು ರಾತ್ರಿಯ ಚಳಿಯಲ್ಲ, ಮಧ್ಯಾಹ್ನದ ಚಳಿ. ಊಟ ಮಾಡಿ ಕೈ ತೊಳೆದರೆ ಬೆರಳು ಮರಗಟ್ಟುವ ಚಳಿ. ಮಗಳಿಗೆ ಹೇಳುವಾಗ ನನಗೇ ಇದು ಸ್ಪಷ್ಟವಾಯಿತು. ಇಷ್ಟು ವರ್ಷ ಸುಮ್ನೆ "ಥಂಡಿ" ಅಂದುಕೊಂಡು ಕಳೆದಿದ್ದೆ.

ಹಂಡೆಯ ವಿಷಯಕ್ಕೆ ಬರುತ್ತೇನೆ.

ನಮ್ಮದು ತಾಮ್ರದ ಹಂಡೆ. ಬಚ್ಚಲಿನ ಮೂಲೆಯಲ್ಲಿ ಮಣ್ಣಿನ ಒಲೆಗೆ ಸೇರಿಸಿ ಕೂರಿಸಿದ್ದು. ಒಲೆಯ ಬಾಯಿ ಹೊರಗೆ ಹಿತ್ತಲಿನ ಕಡೆಗಿದೆ. ಸೋಲಾರ್ ಹಾಕಿಸಿದ ಮೇಲೆ ಅದರೊಳಗೆ ಖಾಲಿ ಗೋಣಿಚೀಲ ತುಂಬಿಟ್ಟಿದ್ದೆವು. ಚೀಲ ತೆಗೆದು ನೋಡಿದರೆ ಒಳಗೆಲ್ಲ ಕಪ್ಪು. ಹುಣಸೆಹಣ್ಣು ಮತ್ತು ಉಪ್ಪು ಹಾಕಿ ಉಜ್ಜಿದೆ. ಹುಣಸೆಯ ಹುಳಿ ಆ ಕಪ್ಪನ್ನು ಕರಗಿಸಿ, ಕೆಳಗಿನ ಕೆಂಪು ಮೇಲೆ ಬರುವುದನ್ನು ನಾನು ಎಂಟನೇ ಕ್ಲಾಸಿನ ಮಕ್ಕಳಿಗೆ ಒಂದು ಚಿಕ್ಕ ತಾಮ್ರದ ಬಿಲ್ಲೆಯಲ್ಲಿ ತೋರಿಸುತ್ತೇನೆ. ಅದು ಒಂದಿಡೀ ಹಂಡೆಯಲ್ಲಿ ಆಗುವುದನ್ನು ನೋಡುವುದೇ ಬೇರೆ. ಕೈ ಆಡಿಸಿದ ಕಡೆಯೆಲ್ಲ ಒಂದೊಂದು ಕೆಂಪು ಪಟ್ಟಿ. ಮಗಳು ಒಳಗೆ ತಲೆ ಹಾಕಿ "ಓ" ಅಂದಳು. ಹಂಡೆ ಅವಳಿಗೆ ದಪ್ಪ ಸ್ವರದಲ್ಲಿ "ಓ" ಅಂದಿತು. ಆಮೇಲೆ ಹತ್ತು ನಿಮಿಷ ಅವಳು ತಲೆ ಹೊರಗೆ ತೆಗೆಯಲಿಲ್ಲ.

ಸೌದೆಗೆ ನಮ್ಮಲ್ಲಿ ಬರ ಇಲ್ಲ. ಎಡೆಮಟ್ಟೆ, ಒಣಗಿದ ಹೊಂಬಾಳೆ, ಚಿಪ್ಪು, ಕಾಯಿ ಸಿಪ್ಪೆ ಎಲ್ಲವೂ ಕೊಟ್ಟಿಗೆಯ ಮೂಲೆಯಲ್ಲಿ ಇದ್ದೇ ಇರುತ್ತವೆ. ಮೊದಲ ಒಂದು ಗಂಟೆ ಬರೀ ಹೊಗೆ. ಒಲೆಯೊಳಗಿನ ಮಣ್ಣು ತೇವ ಕುಡಿದಿತ್ತು. ಅದು ಒಣಗಿದ ಮೇಲೆ ಬೆಂಕಿ ಸದ್ದು ಮಾಡಿಕೊಂಡು ಹತ್ತಿತು. ಚಿಪ್ಪಿನ ಬೆಂಕಿಗೆ ಒಂದು ವಿಶೇಷ ಇದೆ. ಉರಿ ನಿಂತ ಮೇಲೂ ಕೆಂಡ ಚಿಪ್ಪಿನ ಆಕಾರದಲ್ಲೇ ಇರುತ್ತದೆ. ಕೆಂಪು ಬಟ್ಟಲುಗಳನ್ನು ಬೋರಲು ಹಾಕಿದ ಹಾಗೆ. ಅದನ್ನು ನೋಡುತ್ತಾ ಕೂರುವುದು ನನಗೆ ಬಹಳ ಇಷ್ಟವಾಯಿತು.

ಹಂಡೆ ನೀರಿನ ಸ್ನಾನ ಮಾಡಿದವರಿಗೆ ಅದರ ಸುಖ ಹೇಳಬೇಕಿಲ್ಲ. ನಲ್ಲಿಯಿಂದ ಬರುವ ಬಿಸಿನೀರು ಬರೀ ಬಿಸಿ ಇರುತ್ತದೆ. ಹಂಡೆ ನೀರಿಗೆ ಹೊಗೆಯ ಒಂದು ಎಳೆ ವಾಸನೆ ಇರುತ್ತದೆ. ಬಚ್ಚಲಿನ ಗೋಡೆ ಬೆಚ್ಚಗಿರುತ್ತದೆ. ಕಾಲ ಕೆಳಗಿನ ಕಲ್ಲೂ ಬೆಚ್ಚಗಿರುತ್ತದೆ. ಚೊಂಬು ಮುಳುಗಿಸುವಾಗ ಬರುವ ಆ ಗುಳುಗುಳು ಸದ್ದು ಬೇರೆ. ಅತ್ತೆಗೆ ಎಪ್ಪತ್ತಾರು. ಮೊಣಕಾಲು ನೋವು ಅಂತ ಎರಡು ದಿನದಿಂದ ಮಂಚ ಬಿಟ್ಟು ಜಾಸ್ತಿ ಏಳುತ್ತಿರಲಿಲ್ಲ. ಅವತ್ತು ಸ್ನಾನ ಮಾಡಿ ಬಂದವರೇ ಹಿತ್ತಲಿಗೆ ಹೋಗಿ ಒಲೆಯ ಬಾಯಿ ಮುಂದೆ ಮಣೆ ಹಾಕಿ ಕೂತರು. ಗುರುವಾರದ ತನಕ ಅದೇ ಅವರ ಜಾಗ. ಊಟವೂ ಅಲ್ಲೇ. ಒಗೆದ ಬಟ್ಟೆ ಒಣಗದೇ ಇದ್ದುದರಿಂದ ಅವರ ತಲೆ ಮೇಲೆ ಒಂದು ಹಗ್ಗ ಕಟ್ಟಿ ಮಗಳ ಲಂಗ, ನಮ್ಮನೆಯವರ ಪಂಚೆ ಎಲ್ಲ ಅಲ್ಲೇ ನೇತುಹಾಕಿದೆ. ಈಗಲೂ ಆ ಪಂಚೆ ಮಡಿಸುವಾಗ ಹೊಗೆ ವಾಸನೆ ಬರುತ್ತದೆ. ನಾಲ್ಕನೇ ದಿನಕ್ಕೆ ಅತ್ತೆಯ ಮೊಣಕಾಲು ಸಡಿಲವಾಗಿತ್ತು. ಒಲೆಯ ಕಾವಿಗೇ ಹೀಗಾಯಿತು ಅಂತ ಅವರು. ಇರಬಹುದು.

ಮಂಗಳವಾರ ಮಧ್ಯಾಹ್ನ ಅತ್ತೆ, "ನಡುಮನೆ ಕಪಾಟಿನ ಕೆಳಗೆ ಒಂದು ಮಡಿಕೆ ಇದೆ, ತಾ" ಅಂದರು. ಅದರಲ್ಲಿ ಕೆಮ್ಮಣ್ಣು ಮೆತ್ತಿದ ಹಲಸಿನ ಬೀಜ. ಜೂನ್ ತಿಂಗಳಲ್ಲಿ ಚೇಳೂರು ಕಡೆಯಿಂದ ಬಂದಿದ್ದ ಹಣ್ಣಿನವು. ಮಣ್ಣು ಸವರಿ ಒಣಗಿಸಿಟ್ಟರೆ ಹುಳ ಹಿಡಿಯುವುದಿಲ್ಲ ಅಂತ ಅವರೇ ಇಟ್ಟದ್ದು. ನನಗೆ ಅದು ಅಲ್ಲಿದೆ ಅಂತಲೇ ಗೊತ್ತಿರಲಿಲ್ಲ. ಈ ಮನೆಗೆ ಬಂದು ಹದಿನೇಳು ವರ್ಷವಾಯಿತು. ಇನ್ನೂ ಒಂದೊಂದು ಮಡಿಕೆ ನನಗೆ ಹೊಸದಾಗಿ ಸಿಗುತ್ತಿದೆ.

ಬೀಜದ ತುದಿ ಚೂರು ಕತ್ತರಿಸಿ ಕೆಂಡದ ಬೂದಿಯಲ್ಲಿ ಹೂತರು. ಹಾಗೆ ಕತ್ತರಿಸದಿದ್ದರೆ ಒಳಗಿನ ಹಬೆಗೆ ದಾರಿ ಸಿಗದೆ ಪಟ್ ಅಂತ ಸಿಡಿದು ಬೂದಿಯೆಲ್ಲ ಮುಖಕ್ಕೆ ಹಾರುತ್ತದೆ. ಹತ್ತು ನಿಮಿಷಕ್ಕೆ ಮೇಲಿನ ಬಿಳಿ ಸಿಪ್ಪೆ ಬಿರಿಯಿತು. ಉಪ್ಪು ಬೇಡ, ಖಾರ ಬೇಡ. ಬಾಯಲ್ಲಿ ಹಿಟ್ಟುಹಿಟ್ಟಾಗಿ ಕರಗುತ್ತದೆ. ಕೈಯಲ್ಲಿ ಹಿಡಿದುಕೊಂಡರೆ ಅಂಗೈ ಬೆಚ್ಚಗಾಗುತ್ತದೆ. ಮಗಳು ತಿನ್ನುವ ಮೊದಲು ಒಂದೊಂದು ಬೀಜವನ್ನೂ ಒಂದೊಂದು ಜೇಬಿಗೆ ಹಾಕಿಕೊಂಡು ಓಡಾಡಿದಳು.

ರಾತ್ರಿ ಹುರುಳಿಕಾಳು ಬಸ್ಸಾರು ಮಾಡಿದೆ. ಥಂಡಿಗೆ ಅದೇ ಆಗಬೇಕು ಅಂತ ಅತ್ತೆಯ ಕಟ್ಟುನಿಟ್ಟು. ಕಾಳು ಬೇಯಿಸಿ ಕಟ್ಟು ಬಸಿದು, ಮಸಾಲೆಗೆ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಕಾಯಿ, ಹುಣಸೆಹಣ್ಣು, ಒಂದು ಹಿಡಿ ಬೆಂದ ಕಾಳು. ಎಂದಿಗಿಂತ ಒಂದು ಚಮಚ ಜಾಸ್ತಿ ಮೆಣಸು. ಉಳಿದ ಕಾಳಿಗೆ ಒಗ್ಗರಣೆ ಹಾಕಿ ಪಲ್ಯ. ಬಿಸಿ ಮುದ್ದೆಗೆ ಗುಳಿ ಮಾಡಿ ಸಾರು ಬಿಟ್ಟುಕೊಂಡಾಗ ಮೂಗಿನ ತುದಿಯಲ್ಲಿ ಬೆವರು ಬಂತು. ನಾನು ತಿನ್ನುವುದು ಒಂದು ಮುದ್ದೆ. ಅವತ್ತು ಒಂದೂವರೆ.

ಬುಧವಾರದ ದೋಸೆ ಹಿಟ್ಟು ಉಬ್ಬಿರಲಿಲ್ಲ. ರಾತ್ರಿಯೆಲ್ಲ ಇಟ್ಟಿದ್ದರೂ ಕಲಸಿಟ್ಟ ಹಾಗೇ ಇತ್ತು. ಹಿಟ್ಟು ಹುಳಿ ಬರಿಸುವ ಜೀವಾಣುಗಳಿಗೂ ಬೆಚ್ಚಗಿರಬೇಕು, ಅಲ್ವಾ? ಪಾತ್ರೆಯನ್ನು ಹಂಡೆ ಒಲೆಯ ಪಕ್ಕದ ಕಟ್ಟೆ ಮೇಲೆ ಇಟ್ಟೆ. ಮಧ್ಯಾಹ್ನ ಒಂದು ಗಂಟೆಗೆ ಮುಚ್ಚಳ ಎತ್ತಿಕೊಂಡು ಬಂದಿತ್ತು. ಮಧ್ಯಾಹ್ನದ ಊಟಕ್ಕೇ ದೋಸೆ. ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ.

ಇನ್ನು ಅಟ್ಟ. ನನಗೆ ಎಲ್ಲಕ್ಕಿಂತ ಮನಸ್ಸಿನಲ್ಲಿ ಉಳಿದಿರುವುದು ಅದೇ.

ಬುಧವಾರ ಸಂಜೆ ಅತ್ತೆಗೆ ಹೊದೆಯಲು ಕಂಬಳಿ ಬೇಕಾಯಿತು. ಮನೆಯಲ್ಲಿ ರಗ್ಗುಗಳಿವೆ. ಜಾತ್ರೆಯಲ್ಲಿ ಕೊಂಡ ಹುಲಿ ಚಿತ್ರದ ರಗ್ಗು ಒಂದಿದೆ. ಆದರೆ ಅತ್ತೆ ಕೂರುವುದು ಹಿತ್ತಲಲ್ಲಿ, ಒಲೆ ಮುಂದೆ. ರಗ್ಗಿಗೆ ಒಂದು ಕಿಡಿ ಬಿದ್ದರೆ ಸಾಕು, ಕರಗಿ ಅಂಟಿಕೊಳ್ಳುತ್ತದೆ. ಉಣ್ಣೆ ಹಾಗಲ್ಲ. ಕಿಡಿ ಬಿದ್ದ ಕಡೆ ಸುಟ್ಟು, ಅಲ್ಲೇ ನಿಂತುಬಿಡುತ್ತದೆ. "ನಿಮ್ಮ ಮಾವನ ಕರಿ ಕಂಬಳಿ ಅಟ್ಟದ ಮೇಲೆ ಟ್ರಂಕಿನಲ್ಲಿದೆ" ಅಂದರು ಅತ್ತೆ.

ನಮ್ಮ ಅಟ್ಟ ಕೊಬ್ಬರಿ ಅಟ್ಟ. ತಿಪಟೂರು ಸೀಮೆಯವರಿಗೆ ಹೇಳಬೇಕಿಲ್ಲ, ಬೇರೆಯವರಿಗೆ ಹೇಳುತ್ತೇನೆ. ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸುತ್ತೇವೆ. ಅಟ್ಟದ ತಳಕ್ಕೆ ಹಲಗೆ ಇರುವುದಿಲ್ಲ. ಗಳಗಳ ನಡುವೆ ಸಂದು ಬಿಟ್ಟಿರುತ್ತೇವೆ. ಕೆಳಗಿನ ಗಾಳಿ, ಕಾವು, ಹೊಗೆ ಎಲ್ಲ ಮೇಲೆ ಹೋಗಲಿ ಅಂತ. ಹತ್ತು ಹನ್ನೊಂದು ತಿಂಗಳು ಕಾಯಿ ಅಲ್ಲೇ ಕೂತಿರುತ್ತದೆ. ಒಳಗಿನ ನೀರು ತಾನೇ ಇಂಗುತ್ತದೆ. ಕಾಯಿ ತಾನೇ ಒಣಗಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಆಮೇಲೆ ಇಳಿಸಿ, ಸುಲಿದು, ಚಿಪ್ಪು ಒಡೆದರೆ ಇಡೀ ಗಿಟುಕು ಉಂಡೆಯಾಗಿ ಹೊರಗೆ ಬರುತ್ತದೆ. ಯಾರೂ ಅದನ್ನು ಬಿಸಿಲಿಗೆ ಹಾಕುವುದಿಲ್ಲ, ಹೋಳು ಮಾಡುವುದೂ ಇಲ್ಲ. ನಮ್ಮ ಕೊಬ್ಬರಿಯ ರುಚಿ ಈ ನಿಧಾನದಿಂದಲೇ ಬರುತ್ತದೆ ಅಂತ ನಾನು ನಂಬಿದ್ದೇನೆ.

ಈ ಜಡಿ ಮಳೆ ಕೊಬ್ಬರಿಗೆ ಒಳ್ಳೆಯದಲ್ಲ. ಥಂಡಿ ಗಾಳಿ ನಾಲ್ಕು ದಿನ ಹೀಗೇ ಆಡಿದರೆ ಬೂಷ್ಟು ಹಿಡಿಯುವ ಭಯ. ನಮ್ಮನೆಯವರು ಎರಡು ದಿನದಿಂದ ಅಟ್ಟದ ಕೆಳಗೆ ಕಾಯಿ ಸಿಪ್ಪೆಗೆ ಬೆಂಕಿ ಹಾಕಿ, ಉರಿ ಏಳದಂತೆ ಬರೀ ಹೊಗೆಯಾಡುವ ಹಾಗೆ ಕಾಯುತ್ತಿದ್ದರು. ನಾನು ಏಣಿ ಹತ್ತಿ ತಲೆ ಮೇಲೆ ಹಾಕಿದೆ. ಕಣ್ಣುರಿ. ಆದರೆ ಏನು ಬೆಚ್ಚಗಿತ್ತು ಅಂತೀರಿ! ಇಡೀ ಮನೆಯಲ್ಲಿ ಬೆಚ್ಚಗಿನ ಜಾಗ ಅದೊಂದೇ.

ಟ್ರಂಕು ಆ ಕೊನೆಯಲ್ಲಿತ್ತು. ಕಾಯಿ ರಾಶಿಯ ಅಂಚಿನಲ್ಲಿ ಮಂಡಿಯೂರಿಕೊಂಡು ಹೋದೆ. ರಾಶಿ ಸ್ವಲ್ಪ ಜರುಗಿತು. ಆಗ ಒಳಗಿಂದ ಒಂದು ಸದ್ದು. ಒಂದಲ್ಲ, ನೂರಾರು ಸದ್ದು. ಲೊಟಲೊಟ, ಗಡಗಡ, ಮರದ ಗೆಜ್ಜೆ ಕಟ್ಟಿಕೊಂಡು ಯಾರೋ ಎದ್ದು ಮತ್ತೆ ಕೂತ ಹಾಗೆ. ನಾನು ಅಲ್ಲಾಡದೆ ನಿಂತೆ. ಸದ್ದೂ ನಿಂತಿತು. ಬೇಕಂತಲೇ ಒಂದು ಕಾಯಿ ನೂಕಿದೆ. ಮತ್ತೆ ಹತ್ತು ಕಾಯಿ ಮಾತಾಡಿದವು.

ಒಂದೆರಡು ಕಾಯಿ ಮಡಿಲಲ್ಲಿ ಹಾಕಿಕೊಂಡು ಇಳಿದೆ. ಅತ್ತೆ ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಇದು ಬಿಟ್ಟಿದೆ" ಅಂದರು. ಇನ್ನೊಂದನ್ನು ಅಲ್ಲಾಡಿಸಿದರು. ಸದ್ದೇ ಇಲ್ಲ. "ಇದಕ್ಕೆ ಇನ್ನೂ ಎರಡು ತಿಂಗಳು."

"ಸದ್ದಿಲ್ಲ ಅಂದರೆ ಹಾಳಾಗಿದೆ ಅಂತ ಅಲ್ವಾ ಅತ್ತೆ?" ಅಂತ ಕೇಳಿದೆ.

"ಅಲ್ಲ ಕಣಮ್ಮ. ಮೊದಲು ನೀರು ಮಾತಾಡುತ್ತೆ. ಆಮೇಲೆ ನೀರು ಇಂಗಿ ಸುಮ್ಮನಾಗುತ್ತೆ. ಕೊನೆಗೆ ಗಿಟುಕು ಮಾತಾಡುತ್ತೆ. ಈ ಸುಮ್ಮನಿರೋ ಹೊತ್ತಲ್ಲಿ ಗಡಿಬಿಡಿ ಮಾಡಿ ಒಡೆದರೆ ಚಿಪ್ಪಿಗೆ ಅಂಟಿಕೊಂಡಿರುತ್ತೆ, ಚೂರುಚೂರಾಗುತ್ತೆ."

ನಾನು ಕೊಬ್ಬರಿ ಮನೆಗೇ ಸೊಸೆಯಾಗಿ ಬಂದವಳು. ಅಟ್ಟಕ್ಕೆ ಎಷ್ಟು ಸಾವಿರ ಕಾಯಿ ಏರಿತು, ಕ್ವಿಂಟಾಲಿಗೆ ರೇಟು ಎಷ್ಟು ಅನ್ನುವುದು ನನಗೆ ಬಾಯಿಪಾಠ. ಕಾಯಿಗೆ ಮೂರು ಸ್ವರ ಇದೆ ಅನ್ನುವುದು ಬುಧವಾರ ಗೊತ್ತಾಯಿತು. ಅವತ್ತು ರಾತ್ರಿ ಮಗನಿಗೆ ಫೋನ್ ಮಾಡಿದಾಗ ಇದನ್ನೇ ಹೇಳಿದೆ. ಅವನು ತುಮಕೂರಿನಲ್ಲಿ ಹಾಸ್ಟೆಲಿನಲ್ಲಿದ್ದಾನೆ, ಪರೀಕ್ಷೆ ಇದ್ದುದರಿಂದ ರಜೆಗೆ ಬಂದಿರಲಿಲ್ಲ. ಫೋನಿನ ಮುಂದೆ ಮೂರು ಕಾಯಿ ಒಂದೊಂದಾಗಿ ಅಲ್ಲಾಡಿಸಿದೆ. ಅವನು ಯಾವುದು ಯಾವುದು ಅಂತ ಸರಿಯಾಗಿ ಹೇಳಿದ. ಅವನಿಗೆ ಅಜ್ಜಿ ಮೊದಲೇ ಹೇಳಿಕೊಟ್ಟಿದ್ದರಂತೆ. ಕೇಳಿ ನನಗೆ ತುಂಬಾ ಖುಷಿಯಾಯಿತು.

ಕಂಬಳಿ ಸಿಕ್ಕಿತು. ಒಣಗಿದ ಬೇವಿನ ಸೊಪ್ಪಿನ ಪುಡಿಯ ನಡುವೆ ಮಡಿಸಿಟ್ಟಿದ್ದರು. ಮಾವ ಚಳ್ಳಕೆರೆಯಲ್ಲಿ ಕೊಂಡದ್ದು. ಬಣ್ಣ ಹಾಕಿದ ಉಣ್ಣೆ ಅಲ್ಲ, ಕರಿ ಕುರಿಯ ಉಣ್ಣೆಯೇ. ನೇಯುವ ಮೊದಲು ನೂಲಿಗೆ ಹುಣಸೆ ಬೀಜದ ಗಂಜಿ ಕುಡಿಸುತ್ತಾರೆ. ಹೊಸದರಲ್ಲಿ ಹಲಗೆಯ ಹಾಗೆ ಸೆಟೆದಿರುತ್ತದೆ, ಹೊದ್ದಷ್ಟೂ ಮೆತ್ತಗಾಗುತ್ತದೆ. ಇದು ಬಹಳ ಮೆತ್ತಗಿತ್ತು. ಮಾವ ಇದನ್ನು ಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ತೋಟಕ್ಕೆ ನೀರು ಕಟ್ಟಲು ಹೋಗುತ್ತಿದ್ದುದನ್ನು ನಾನು ನೋಡಿದ್ದೇನೆ. ಸಣ್ಣ ಹನಿ ಅದರ ಮೇಲೆ ಕೂರುತ್ತದೆ, ಒಳಗೆ ಇಳಿಯುವುದಿಲ್ಲ. ಮನೆಗೆ ಬಂದು ಒಂದು ಸಲ ಕೊಡವಿದರೆ ಮುಗಿಯಿತು.

ಮಗಳು ಅದನ್ನು ನೆಲಕ್ಕೆ ಹಾಸಿ ಹತ್ತಲು ಹೋದಳು. "ತುಳೀಬೇಡ ಪುಟ್ಟಿ, ಕಂಬಳಿ ಗದ್ದುಗೆ ಅದು" ಅಂತ ಅತ್ತೆ ಎತ್ತಿಕೊಂಡರು. ಪೂಜೆಯಲ್ಲಿ ಕಲಶ ಇಡಲು ಇದನ್ನೇ ಮಡಿಸಿ ಹಾಸುತ್ತಿದ್ದರಂತೆ. ಆಮೇಲೆ ತಾವೇ ಮಗಳಿಗೆ ಕೊಪ್ಪೆ ಹಾಕಿ ತೋರಿಸಿದರು. ಒಂದು ಮೂಲೆ ಒಳಗೆ ಮಡಿಚಿ ತಲೆಗೆ ಏರಿಸುವುದು ಅಷ್ಟೇ. ಗುಂಡಿ ಇಲ್ಲ, ದಾರ ಇಲ್ಲ. ಅವಳು ಅದರೊಳಗೆ ಪೂರ್ತಿ ಮುಚ್ಚಿಹೋದಳು. ಬರೀ ಎರಡು ಪಾದ ಕಾಣುತ್ತಿದ್ದವು.

ಅದೇ ಕೊಪ್ಪೆ ಹಾಕಿಕೊಂಡು ಅವಳು ಗುರುವಾರ ಬೆಳಗ್ಗೆ ಬೇಲಿಯ ಕಡೆ ಹೋದದ್ದು.

ಅದಕ್ಕೆ ಮೊದಲು ಸೀತಾಫಲದ ಮಾತು ಹೇಳಿಬಿಡುತ್ತೇನೆ. ಹೋದ ವಾರ ಸಂತೆಯಿಂದ ತಂದ ಎಂಟು ಕಾಯಿಯನ್ನು ಅಕ್ಕಿ ಡಬ್ಬದಲ್ಲಿ ಹುದುಗಿಸಿ ಮರೆತಿದ್ದೆ. ಹೊರಗಿಟ್ಟಿದ್ದ ಎರಡು ಥಂಡಿಗೆ ಹಣ್ಣಾಗದೆ ಕಪ್ಪಗೆ ಗಟ್ಟಿಯಾದವು. ಗುರುವಾರ ಅನ್ನಕ್ಕೆ ಅಕ್ಕಿ ತೆಗೆಯಲು ಪಾವು ಇಳಿಸಿದರೆ ಮೆತ್ತಗೆ ಏನೋ ತಗಲಿತು. ಎಂಟೂ ಹಣ್ಣಾಗಿದ್ದವು. ಕಣ್ಣುಗಳ ನಡುವೆ ಬಿರಿದು ಒಳಗಿನ ಬಿಳುಪು ಕಾಣುತ್ತಿತ್ತು. ಅವತ್ತಿನ ಅನ್ನಕ್ಕೂ ಸ್ವಲ್ಪ ಸೀತಾಫಲದ ವಾಸನೆ ಇತ್ತು.

ಈಗ ಬೇಲಿ. ನಮ್ಮ ರಾಗಿ ಹೊಲದಲ್ಲಿ ಅಕ್ಕಡಿ ಸಾಲಿಗೆ, ಅಂದರೆ ರಾಗಿಯ ನಡುನಡುವೆ ಬಿಡುವ ಸಾಲಿಗೆ, ಅವರೆ, ತೊಗರಿ, ಹುಚ್ಚೆಳ್ಳು ಹಾಕಿದ್ದೇವೆ. ರಾಗಿ ತೆನೆಯಲ್ಲಿ ಹಾಲು ತುಂಬುತ್ತಿದೆ. ಹುಚ್ಚೆಳ್ಳು ಹಳದಿ ಹೂ ಬಿಟ್ಟಿದೆ. ಬಿಸಿಲಿನ ದಿನ ಆ ಸಾಲಿನ ಹತ್ತಿರ ಹೋದರೆ ಜೇನಿನ ಸದ್ದು ಕಿವಿ ತುಂಬುತ್ತದೆ. ಈ ನಾಲ್ಕು ದಿನ ಒಂದು ಸದ್ದಿಲ್ಲ. ಹೂ ತಲೆ ತಗ್ಗಿಸಿ ಸುಮ್ಮನೆ ನಿಂತಿದ್ದವು. ಜೇನೆಲ್ಲ ಎಲ್ಲಿ ಹೋದವು ಅಂತ ಮಗಳು ಎರಡು ದಿನದಿಂದ ಕೇಳುತ್ತಿದ್ದಳು. ಗೂಡಿನಲ್ಲಿ ಒಂದಕ್ಕೊಂದು ಒತ್ತಿಕೊಂಡು ಕೂತಿರುತ್ತವೆ ಅಂತ ಹೇಳಿದ್ದೆ.

ಗುರುವಾರ ಅವಳು ಓಡಿ ಬಂದು ನನ್ನ ಕೈ ಹಿಡಿದು ಎಳೆದುಕೊಂಡು ಹೋದಳು. ಬೇಲಿಯಲ್ಲಿ ಒಂದು ಒಣಗಿದ ಉತ್ತರಾಣಿ ಕಡ್ಡಿ. ಅದರ ಮೇಲೆ ಸಾಲಾಗಿ ಹನ್ನೊಂದು ಜೇನು. ಒಂದರ ಕೆಳಗೆ ಒಂದು. ಕಾಲಿನಲ್ಲಿ ಹಿಡಿದುಕೊಂಡಿರಲಿಲ್ಲ. ಕಾಲು ಮಡಚಿಕೊಂಡು, ಬಾಯಿಯಿಂದ ಕಡ್ಡಿ ಕಚ್ಚಿ ನೇತಾಡುತ್ತಿದ್ದವು. ಹೊಟ್ಟೆಯ ಮೇಲೆ ತಿಳಿನೀಲಿ ಪಟ್ಟೆ. ದೊಡ್ಡ ಹಸಿರು ಛಾಯೆಯ ಕಣ್ಣು. ಬೆನ್ನಿನ ರೋಮದ ಮೇಲೆಲ್ಲ ಮಳೆಹನಿ, ಒಂದೊಂದು ಸಾಸಿವೆ ಕಾಳಿನಷ್ಟು.

"ಸತ್ತುಹೋಗಿವೆಯಾ ಅಮ್ಮ?"

ಹುಲ್ಲಿನ ಎಸಳಿನಿಂದ ಒಂದನ್ನು ಮೆಲ್ಲಗೆ ಮುಟ್ಟಿದೆ. ಒಂದು ಕಾಲು ನಿಧಾನಕ್ಕೆ ಚಾಚಿ, ಮತ್ತೆ ಮಡಚಿಕೊಂಡಿತು. ಬದುಕಿದ್ದವು.

ನೀಲಿ ಪಟ್ಟೆಯ ಈ ಜೇನನ್ನು ನಾನು ಬದನೆ, ಟೊಮೆಟೊ ಹೂವಿನ ಮೇಲೆ ನೋಡಿದ್ದೇನೆ. ಇವು ತುಪ್ಪ ಕೂಡಿಡುವ ಜೇನಲ್ಲ, ಹುಟ್ಟು ಕಟ್ಟುವುದಿಲ್ಲ. ಹೆಣ್ಣು ಮಣ್ಣಿನಲ್ಲಿ ತನ್ನದೇ ಒಂದು ಬಿಲ ತೋಡಿ ಅಲ್ಲಿ ಮೊಟ್ಟೆ ಇಡುತ್ತದೆ. ಗಂಡುಗಳಿಗೆ ಬಿಲವೂ ಇಲ್ಲ, ಗೂಡೂ ಇಲ್ಲ. ಸಂಜೆಯಾದರೆ ಹೀಗೆ ಒಂದು ಕಡ್ಡಿ ಆರಿಸಿಕೊಂಡು ಜೊತೆಯಾಗಿ ಕಚ್ಚಿ ಮಲಗುತ್ತವೆ. ಬೆಳಗ್ಗೆ ಬಿಸಿಲು ಬಂದ ಮೇಲೆ ಹೋಗುತ್ತವೆ. ಪುಸ್ತಕದಲ್ಲಿ ಓದಿದ್ದೆ. ನಮ್ಮ ಬೇಲಿಯಲ್ಲೇ ಇದೆ ಅಂತ ಗೊತ್ತಿರಲಿಲ್ಲ. ಬಿಸಿಲು ಬಾರದೆ ಇದ್ದುದರಿಂದ ಬೆಳಗಾದರೂ ಏಳಲಾಗದೆ ಉಳಿದಿದ್ದವು. ಮಾಮೂಲಿ ದಿನ ನಾವು ಬೇಲಿ ಹತ್ತಿರ ಬರುವ ಹೊತ್ತಿಗೆ ಹಾರಿಹೋಗಿರುತ್ತಿದ್ದವು. ಮೋಡ ಅವನ್ನು ನಮಗೆ ತೋರಿಸಿತು.

ಮಗಳು ಕಡ್ಡಿ ಮುರಿದು ಹಂಡೆ ಒಲೆ ಹತ್ತಿರ ತಂದಿಡೋಣ ಅಂದಳು. ಅವಳ ಮುಖ ನೋಡಿದರೆ ಬೇಡ ಅನ್ನಲು ಕಷ್ಟ. ಆದರೂ ಬೇಡ ಅಂದೆ. ಅಲ್ಲಿ ಬೆಚ್ಚಗಾಗಿ ಹಾರಿದರೆ ಹೊರಗೆ ಮತ್ತೆ ಥಂಡಿ, ಹೂವಿನಲ್ಲೂ ನೀರು. ಹಾರಲು ಕಳೆದ ಶಕ್ತಿ ವಾಪಸ್ ಸಿಗುವುದಿಲ್ಲ. ಸುಮ್ಮನೆ ಕಚ್ಚಿಕೊಂಡಿರುವುದೇ ಅವಕ್ಕೆ ಒಳ್ಳೆಯದು. ಅವಳು ಸ್ವಲ್ಪ ಹೊತ್ತು ಯೋಚಿಸಿ, ಪಕ್ಕದಲ್ಲಿ ಒಂದು ಗೂಟ ನೆಟ್ಟು, ಗಾಳಿ ಬರುವ ಕಡೆಗೆ ಒಂದು ತೆಂಗಿನ ಗರಿ ಕಟ್ಟಿದಳು. ಅದಕ್ಕೆ ನಾನೂ ಕೈ ಹಾಕಿದೆ. ಅವತ್ತು ಒಟ್ಟು ಏಳು ಸಲ ಹೋಗಿ ಎಣಿಸಿ ಬಂದಳು. ಏಳು ಸಲವೂ ಹನ್ನೊಂದು.

ಶುಕ್ರವಾರ ಆರೂವರೆಗೆ ಎದ್ದಾಗ ಬೆಳಕೇ ಬೇರೆ ಇತ್ತು. ಪೂರ್ವದಲ್ಲಿ ಮೋಡ ಸೀಳಿತ್ತು. ತೆಂಗಿನ ಗರಿಯ ಅಂಚೆಲ್ಲ ಹೊಳೆಯುತ್ತಿತ್ತು. ಮಗಳು ಹಲ್ಲುಜ್ಜುವುದನ್ನೂ ಬಿಟ್ಟು ಬೇಲಿಗೆ ಓಡಿದಳು. ಅತ್ತೆ ಕಂಬಳಿ ಹೊದ್ದು, ಒಂದು ಕೈಯಲ್ಲಿ ಕಾಫಿ ಲೋಟ ಹಿಡಿದು, ನಮ್ಮ ಹಿಂದೆಯೇ ಮೆಲ್ಲಗೆ ನಡೆದು ಬಂದರು. ನಾಲ್ಕು ದಿನದಲ್ಲಿ ಅವರು ಹಿತ್ತಲಿನಾಚೆ ಕಾಲಿಟ್ಟದ್ದು ಅದೇ ಮೊದಲು. ನಾನು ಮಣೆ ತಂದು ಹಾಕಿದೆ.

ಬಿಸಿಲು ಕಡ್ಡಿಗೆ ತಾಗುವ ಹೊತ್ತಿಗೆ ಎಂಟು ದಾಟಿತ್ತು. ಮಗಳು ಕಟ್ಟಿದ್ದ ಗರಿಯನ್ನು ತೆಗೆದೆವು. ಮೊದಲು ಬೆನ್ನಿನ ಹನಿಗಳು ಆರಿದವು. ಎಂಟೂವರೆಯ ಸುಮಾರಿಗೆ ಮೇಲಿನ ಜೇನು ಕಾಲು ಚಾಚಿ ಕಡ್ಡಿ ಹಿಡಿಯಿತು. ಬಾಯಿ ಬಿಟ್ಟಿತು. ಮುಂಗಾಲಿನಿಂದ ಕಣ್ಣು ಒರೆಸಿಕೊಂಡಿತು, ಒಂದು ಸಲ, ಎರಡು ಸಲ. ಆಮೇಲೆ ಮೈಯೆಲ್ಲ ನಡುಗತೊಡಗಿತು.

"ಚಳಿ ಆಗ್ತಿದೆ ಅದಕ್ಕೆ" ಅಂದಳು ಮಗಳು.

ಚಳಿಗೆ ಅಲ್ಲ, ಚಳಿ ಬಿಡಿಸಿಕೊಳ್ಳಲು. ರೆಕ್ಕೆ ಬಡಿಯುವ ಸ್ನಾಯು ಬೆಚ್ಚಗಾಗದೆ ಅವು ಹಾರಲಾರವು. ರೆಕ್ಕೆ ಆಡಿಸದೆ ಆ ಸ್ನಾಯುವನ್ನು ಮಾತ್ರ ಅದುರಿಸಿ ಕಾವು ಹುಟ್ಟಿಸಿಕೊಳ್ಳುತ್ತವೆ. ಬದನೆ ಹೂವಿನಿಂದ ಪರಾಗ ಉದುರಿಸುವಾಗ ಇವುಗಳ ಹೆಣ್ಣು ಮಾಡುವುದೂ ಇದನ್ನೇ. ಹೂವನ್ನು ಅಪ್ಪಿಕೊಂಡು ಝುಂಯ್ ಅಂತ ಅದುರಿಸುತ್ತದೆ, ಪುಡಿ ಉದುರುತ್ತದೆ. ನಾನು ಇದನ್ನು ಹೇಳುತ್ತಿದ್ದ ಹಾಗೇ ಮೊದಲನೆಯದು ಹಾರಿತು. ನೇರ ಹುಚ್ಚೆಳ್ಳಿನ ಕಡೆಗೆ.

ಆಮೇಲೆ ಒಂದೊಂದಾಗಿ. ಮಗಳು ಬೆರಳು ಮಡಚುತ್ತಾ ಹೋದಳು. ಒಂಬತ್ತು ಗಂಟೆಗೆ ಹತ್ತು ಹೋಗಿದ್ದವು. ಕೊನೆಯದು ಕಡ್ಡಿಯ ಬುಡದಲ್ಲಿತ್ತು, ಅದಕ್ಕೆ ಇನ್ನೂ ನೆರಳು. ಮೂರೂ ಜನ ಕೂತೆವು. ಅತ್ತೆಯ ಕಾಫಿ ಲೋಟ ಖಾಲಿಯಾಗಿತ್ತು. ನಮ್ಮನೆಯವರು ಅಟ್ಟದಿಂದ ಇಳಿದು ಬಂದು, ಏನು ನೋಡುತ್ತಿದ್ದೀರಿ ಅಂತ ಕೇಳಿ, ಅವರೂ ನಿಂತರು. ನೆರಳು ಜರುಗಿತು. ಅದು ನಡುಗಿತು, ನಿಂತಿತು, ಮತ್ತೆ ನಡುಗಿತು. ಒಂಬತ್ತು ಇಪ್ಪತ್ತಕ್ಕೆ ಹಾರಿತು.

ಅತ್ತೆ ಎದ್ದು ಕಂಬಳಿ ತೆಗೆದು, ಎರಡು ಸಲ ಕೊಡವಿ, ಕಲ್ಲಿನ ಮೇಲೆ ಬಿಸಿಲಿಗೆ ಹರವಿದರು.

ಥರ್ಮಾಮೀಟರ್ ಅವತ್ತು ಮಧ್ಯಾಹ್ನ 27 ತೋರಿಸಿತು. ಸಂಜೆ ಆರಕ್ಕೆ ಮಗಳ ಜೊತೆ ಮತ್ತೆ ಬೇಲಿಗೆ ಹೋದೆ. ಅದೇ ಉತ್ತರಾಣಿ ಕಡ್ಡಿ. ಎಲ್ಲ ವಾಪಸ್ ಬಂದು ಕಚ್ಚಿಕೊಂಡಿದ್ದವು. ಅವಳು ಮೇಲಿನಿಂದ ಎಣಿಸಿದಳು, ನಾನು ಕೆಳಗಿನಿಂದ ಎಣಿಸಿದೆ. ಹನ್ನೆರಡು ಇದ್ದವು.